ಜೋಡಿ ಸ್ವರ, ಗುಂಯ್ ಸದ್ದು, ಕಿರಿಕಿರಿ: ಮನೆಯ ಕೀಬೋರ್ಡ್ ತೊಂದರೆಗಳನ್ನು ಪತ್ತೆ ಹಚ್ಚುವ ಕ್ರಮ



ರಾಜ್ಯೋತ್ಸವದ ಸಮೂಹ ಗೀತೆಗೆಂದು ಬೇರೆ ಬೇರೆ ಊರುಗಳ ಸದಸ್ಯರು ಮನೆಯಲ್ಲೇ ಧ್ವನಿಮುದ್ರಿಸಿ ಕಳುಹಿಸುವ ಪದ್ಧತಿಯನ್ನು ನಾವು ಮುಂದುವರಿಸಿದ್ದೇವೆ. ಗಡಿಯ ಊರುಗಳಲ್ಲಿ ಕನ್ನಡ ಹಾಡಿಗೆ ತಬಲಾ, ಹಾರ್ಮೋನಿಯಂ ನುಡಿಸುವವರು ಬೇಕೆಂದಾಗ ಸಿಗುವುದಿಲ್ಲ. ಆದ್ದರಿಂದ ಮನೆಯಲ್ಲಿರುವ ಎಲೆಕ್ಟ್ರಾನಿಕ್ ಕೀಬೋರ್ಡೇ ನಮ್ಮ ಮಕ್ಕಳ ಪಕ್ಕವಾದ್ಯ. ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಮುದ್ರಿಸುವಾಗ ಬರುವ ದೂರುಗಳು ಮಾತ್ರ ಎಲ್ಲ ಊರಿಂದಲೂ ಒಂದೇ ರೀತಿ ಇವೆ. ಕಾಸರಗೋಡಿನಿಂದ ಬಂದ ಮುದ್ರಣದಲ್ಲಿ ಪ್ರತಿ ಸ್ವರವೂ ಎರಡೆರಡು ಸಲ ಕೇಳುತ್ತದೆ. ಅಕ್ಕಲಕೋಟೆಯಿಂದ ಬಂದದ್ದರಲ್ಲಿ ಹಾಡಿನುದ್ದಕ್ಕೂ ಗುಂಯ್ ಎಂಬ ಸದ್ದು. ಹೊಸೂರಿನಿಂದ ಬಂದದ್ದರಲ್ಲಿ ಸಣ್ಣ ಕಿರಿಕಿರಿ ಸದ್ದು, ಮೌಸ್ ಅಲ್ಲಾಡಿಸಿದಾಗ ಅದು ಬದಲಾಗುತ್ತದೆ ಎಂದು ಅವರೇ ಬರೆದಿದ್ದಾರೆ.

ಸದ್ದನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ನಾವು ಪ್ರಯತ್ನಿಸಿ ನೋಡಿದ್ದೇವೆ. ಸದ್ದು ಅಳಿಸುವ ಸಾಧನವನ್ನು ಸ್ವಲ್ಪ ಹೆಚ್ಚು ಬಳಸಿದರೂ ಅದು ಮಗುವಿನ ದನಿಯಲ್ಲಿರುವ ಉಸಿರಿನ ಭಾಗವನ್ನೂ ತಿಂದುಹಾಕುತ್ತದೆ. ಸ, ಶ ಮಂಕಾಗುತ್ತವೆ. ಹಕಾರ ಅಕಾರದಂತೆ ಕೇಳುತ್ತದೆ. ಶಾಲೆಯಲ್ಲಿ ಬೇರೆ ಭಾಷೆ ಓದುವ ಮಗುವಿಗೆ ಮನೆಯಲ್ಲಿ ಇಷ್ಟು ಕಷ್ಟಪಟ್ಟು ತಿದ್ದಿಸಿದ ಉಚ್ಚಾರವನ್ನು ಯಂತ್ರ ಅಳಿಸಿಬಿಟ್ಟರೆ ಹೇಗೆ? ಆದ್ದರಿಂದ ಸದ್ದು ಹುಟ್ಟುವ ಜಾಗದಲ್ಲೇ ಅದನ್ನು ನಿಲ್ಲಿಸಬೇಕು. ಅದಕ್ಕಾಗಿ ಈ ಟಿಪ್ಪಣಿ.

ಇನ್ನೊಂದು ಕಾರಣವೂ ಇದೆ. ಗುಂಯ್ ಸದ್ದು ಹೋಗಲೆಂದು ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನೇ ತೆಗೆದುಹಾಕುವ ಉಪಾಯವನ್ನು ನಮ್ಮ ಸದಸ್ಯರಲ್ಲೇ ಒಬ್ಬರು ಮಾಡಿದ್ದರು. ಸದ್ದು ಹೋಯಿತು. ಆದರೆ ಹಾಡುವಾಗ ಮಗಳ ತುಟಿಗೆ ಮೈಕ್ ತಾಗಿ ಜುಮ್ಮೆಂದಿತು. ಅಷ್ಟಕ್ಕೇ ಮುಗಿದದ್ದು ನಮ್ಮೆಲ್ಲರ ಪುಣ್ಯ. ಇದರ ಬಗ್ಗೆ ಕೆಳಗೆ ಬೇರೆಯಾಗಿಯೇ ಬರೆದಿದ್ದೇವೆ. ಉಳಿದದ್ದನ್ನು ಓದದಿದ್ದರೂ ಆ ಭಾಗವನ್ನು ದಯವಿಟ್ಟು ಓದಿ.

ಎರಡು ಬೇರೆ ಬೇರೆ ಸುತ್ತುಗಳು

ಮೇಲೆ ಹೇಳಿದ ಮೂರು ದೂರುಗಳಿಗೂ ಕಾರಣ ಒಂದೇ ಬಗೆಯದು. ಯಾವುದೋ ಒಂದು ಹೋದ ದಾರಿಯಿಂದಲೇ ಸುತ್ತಿ ಹಿಂದಕ್ಕೆ ಬರುತ್ತಿದೆ. ಜೋಡಿ ಸ್ವರದಲ್ಲಿ ಸುತ್ತುವುದು ಸಂದೇಶ. ಗುಂಯ್ ಸದ್ದು ಮತ್ತು ಕಿರಿಕಿರಿಯಲ್ಲಿ ಸುತ್ತುವುದು ವಿದ್ಯುತ್ತು. ಯಾವ ಸುತ್ತು ಎಂದು ಮೊದಲು ಗುರುತಿಸಿ, ಅದನ್ನು ಒಂದು ಕಡೆ ಮಾತ್ರ ಕಡಿದರೆ ಸಾಕು. ಗುರುತಿಸದೆ ಕೇಬಲ್ ಬದಲಾಯಿಸುತ್ತಾ ಹೋದರೆ ಹಣ ಹೋಗುತ್ತದೆ, ಸದ್ದು ಹೋಗುವುದಿಲ್ಲ.

ಮಿಡಿ ಎಂದರೆ ಸದ್ದಲ್ಲ, ಚೀಟಿ

ಕೀಬೋರ್ಡಿನಿಂದ ಕಂಪ್ಯೂಟರಿಗೆ ಹೋಗುವ ಮಿಡಿ ಎಂಬುದು ಸದ್ದು ಎಂದು ಅನೇಕರು ತಿಳಿದಿದ್ದಾರೆ. ಅದು ಸದ್ದಲ್ಲ. ಕಚೇರಿಯಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವ ಚೀಟಿಯಂಥದ್ದು. ‘60ನೇ ಮನೆಯನ್ನು ಒತ್ತಲಾಗಿದೆ, ಇಷ್ಟು ಜೋರಾಗಿ’ ಎಂಬುದು ಒಂದು ಚೀಟಿ. ‘ಅದನ್ನು ಬಿಡಲಾಗಿದೆ’ ಎಂಬುದು ಇನ್ನೊಂದು. ಸ್ವರಕ್ಕೂ ಜೋರಿಗೂ 0ಯಿಂದ 127ರವರೆಗೆ ಸಂಖ್ಯೆಗಳಿವೆ. ಚೀಟಿ ಯಾರಿಗೆ ಸೇರಿದ್ದು ಎಂದು ತಿಳಿಸಲು 16 ಚಾನೆಲ್‌ಗಳಿವೆ. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದಕ್ಕೊಂದು ಮಾತಾಡಲೆಂದು 1983ರಲ್ಲಿ ಬಂದ ಈ ವ್ಯವಸ್ಥೆ ಇಂದಿಗೂ ಹೆಚ್ಚು ಬದಲಾಗದೆ ನಡೆಯುತ್ತಿದೆ. ಇದಕ್ಕೆ ಮುಖ್ಯ ಕಾರಣರಾದ ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಾಕೆಹಾಶಿ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಗೌರವ ಸಂದಿದೆ.

ಈಗ ಜೋಡಿ ಸ್ವರ ಹೇಗೆ ಹುಟ್ಟುತ್ತದೆ ನೋಡೋಣ. ನೀವು ಮನೆಯನ್ನು ಒತ್ತಿದ ಕೂಡಲೇ ಕೀಬೋರ್ಡ್ ಎರಡು ಕೆಲಸ ಮಾಡುತ್ತದೆ. ಒಂದು, ತಾನೇ ಸ್ವರ ನುಡಿಸುತ್ತದೆ. ಎರಡು, ಕಂಪ್ಯೂಟರಿಗೆ ಚೀಟಿ ಕಳುಹಿಸುತ್ತದೆ. ಮುದ್ರಿಸುವ ತಂತ್ರಾಂಶದಲ್ಲಿ ‘ಮಿಡಿ ಥ್ರೂ’ ಅಥವಾ ‘ಎಕೋ’ ಚಾಲೂ ಇದ್ದರೆ, ಬಂದ ಚೀಟಿಯನ್ನು ಅದು ಹಾಗೆಯೇ ಕೀಬೋರ್ಡಿಗೆ ವಾಪಸು ಕಳುಹಿಸುತ್ತದೆ. ಕೀಬೋರ್ಡ್ ಅದನ್ನು ಹೊಸ ಅಪ್ಪಣೆ ಎಂದು ತಿಳಿದು ಅದೇ ಸ್ವರವನ್ನು ಇನ್ನೊಮ್ಮೆ ನುಡಿಸುತ್ತದೆ. ನಡುವೆ ಕೆಲವು ಮಿಲಿಸೆಕೆಂಡ್ ಅಂತರ ಇರುವುದರಿಂದ ಸ್ವರ ಕೊಳವೆಯೊಳಗಿಂದ ಬಂದಂತೆ ಕೇಳುತ್ತದೆ. ಅಂತರ ಹೆಚ್ಚಿದ್ದರೆ ಸ್ಪಷ್ಟವಾಗಿ ಎರಡು ಸಲ ಕೇಳುತ್ತದೆ.

ಇದರಿಂದ ಇನ್ನೊಂದು ನಷ್ಟವೂ ಇದೆ. ಕೀಬೋರ್ಡ್ ಒಂದೇ ಸಮಯಕ್ಕೆ ನುಡಿಸಬಲ್ಲ ಸ್ವರಗಳಿಗೆ ಮಿತಿ ಇರುತ್ತದೆ. ಮಿತಿ 64 ಇದ್ದರೆ, ಎಲ್ಲ ಸ್ವರವೂ ಎರಡೆರಡಾಗುವಾಗ ನಿಮಗೆ ಉಳಿಯುವುದು 32 ಮಾತ್ರ. ತಾಳದ ಸ್ಟೈಲ್ ಕೂಡ ಅದರಲ್ಲೇ ಪಾಲು ಕೇಳುತ್ತದೆ. ಆಗ ಉದ್ದವಾಗಿ ಹಿಡಿದ ಸ್ವರಗಳು ನಡುವೆಯೇ ನಿಲ್ಲುತ್ತವೆ. ‘ಕೀಬೋರ್ಡ್ ಹಳೆಯದಾಯಿತು’ ಎಂದು ಕೆಲವರು ಹೊಸದಕ್ಕೆ ವಿಚಾರಿಸುವುದು ಈ ಹಂತದಲ್ಲೇ.

ಬಂದ ಚೀಟಿಯನ್ನು ಕೀಬೋರ್ಡೂ ತನ್ನ ಔಟ್ ದಾರಿಯಿಂದ ಮತ್ತೆ ಹೊರಗೆ ಕಳುಹಿಸುವಂತಿದ್ದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಎರಡು ವಿಭಾಗಗಳು ಒಂದೇ ಕಡತವನ್ನು ‘ಮುಂದಿನ ಕ್ರಮಕ್ಕಾಗಿ’ ಎಂದು ಬರೆದು ಪರಸ್ಪರ ಕಳುಹಿಸುತ್ತಲೇ ಇದ್ದಂತೆ. ಕಡತ ಮುಗಿಯುವುದೇ ಇಲ್ಲ. ಕೀಬೋರ್ಡ್ ತಡವರಿಸುತ್ತದೆ, ಸ್ವರ ನಿಲ್ಲುವುದಿಲ್ಲ, ಕೆಲವೊಮ್ಮೆ ಎಲ್ಲವೂ ಸ್ತಬ್ಧವಾಗುತ್ತದೆ. ಆಗ ಯುಎಸ್‌ಬಿ ಕೇಬಲ್ ಎಳೆದುಬಿಡಿ. ಆಮೇಲೂ ಸ್ವರ ನಿಲ್ಲದಿದ್ದರೆ ಕೀಬೋರ್ಡನ್ನು ಆರಿಸಿ ಹಾಕಿ. ತಂತ್ರಾಂಶಗಳಲ್ಲಿ ‘ಪ್ಯಾನಿಕ್’ ಅಥವಾ ‘ಆಲ್ ನೋಟ್ಸ್ ಆಫ್’ ಎಂಬ ಗುಂಡಿ ಇರುವುದೂ ಇದಕ್ಕಾಗಿಯೇ.

ಜೋಡಿ ಸ್ವರ ನಿಲ್ಲಿಸುವುದು

ಮೊದಲು ಪರೀಕ್ಷೆ. ಸ್ವರ ಜೋಡಿಯಾಗಿ ಕೇಳುತ್ತಿರುವಾಗಲೇ ಯುಎಸ್‌ಬಿ ಕೇಬಲ್ ತೆಗೆಯಿರಿ. ಒಂದೇ ಆಗಿ ಕೇಳಿದರೆ ಇದು ಮಿಡಿ ಸುತ್ತು. ತೆಗೆದ ಮೇಲೂ ಎರಡು ಕೇಳಿದರೆ ಕೀಬೋರ್ಡಿನಲ್ಲೇ ‘ಡ್ಯುಯಲ್’ ಅಥವಾ ‘ಲೇಯರ್’ ಚಾಲೂ ಇದೆ, ಅದನ್ನು ಆರಿಸಿ.

ಮಿಡಿ ಸುತ್ತು ಎಂದು ಖಚಿತವಾದರೆ ಎರಡರಲ್ಲಿ ಒಂದು ಮಾಡಿ.

ಮೊದಲನೆಯದು, ತಂತ್ರಾಂಶದಲ್ಲಿ ಕೀಬೋರ್ಡಿಗೆ ವಾಪಸು ಹೋಗುವ ಮಿಡಿಯನ್ನು ನಿಲ್ಲಿಸುವುದು. ‘ಮಿಡಿ ಥ್ರೂ’ ಅಥವಾ ‘ಎಕೋ’ ಆರಿಸಿ, ಇಲ್ಲವೇ ಆ ಟ್ರ್ಯಾಕಿನ ಮಿಡಿ ಔಟ್‌ಪುಟ್ಟಿನಲ್ಲಿ ಕೀಬೋರ್ಡಿನ ಹೆಸರಿದ್ದರೆ ತೆಗೆಯಿರಿ. ಕೀಬೋರ್ಡಿನ ಸ್ವರವನ್ನೇ ಕೇಳಿಕೊಂಡು ನುಡಿಸುವವರಿಗೆ ಇದು ಸುಲಭ.

ಎರಡನೆಯದು, ಕೀಬೋರ್ಡಿನ ಫಂಕ್ಷನ್ ಪಟ್ಟಿಯಲ್ಲಿ ‘ಲೋಕಲ್ ಕಂಟ್ರೋಲ್’ ಎಂಬುದನ್ನು ಆಫ್ ಮಾಡುವುದು. ಆಗ ಮನೆಗಳಿಗೂ ಕೀಬೋರ್ಡಿನ ಸ್ವರಕ್ಕೂ ಇರುವ ನೇರ ಸಂಬಂಧ ಕಡಿಯುತ್ತದೆ. ಒತ್ತಿದ್ದು ಚೀಟಿಯಾಗಿ ಮಾತ್ರ ಹೊರಗೆ ಹೋಗುತ್ತದೆ, ಕಂಪ್ಯೂಟರಿನಿಂದ ವಾಪಸು ಬಂದದ್ದು ಮಾತ್ರ ನುಡಿಯುತ್ತದೆ. ಕಂಪ್ಯೂಟರಿನೊಳಗಿನ ವಾದ್ಯಗಳನ್ನು ಬಳಸುವವರಿಗೆ ಇದೇ ಸರಿ.

ಎರಡನ್ನೂ ಒಟ್ಟಿಗೆ ಮಾಡಬೇಡಿ, ಕೀಬೋರ್ಡ್ ಪೂರ್ತಿ ಮೂಕವಾಗುತ್ತದೆ. ಲೋಕಲ್ ಆಫ್ ಇರುವಾಗ ಕೇಬಲ್ ತೆಗೆದರೂ ಹಾಗೆಯೇ. ‘ಕೀಬೋರ್ಡ್ ಕೆಟ್ಟಿದೆ’ ಎಂದು ಬಂದ ಫೋನಿನಲ್ಲಿ ನಾವು ಮೊದಲು ಕೇಳುವುದು ಇದನ್ನೇ. ಕೆಲವು ಕೀಬೋರ್ಡುಗಳಲ್ಲಿ ಆರಿಸಿ ಹಾಕಿದೊಡನೆ ಲೋಕಲ್ ತಾನಾಗಿ ಮತ್ತೆ ಆನ್ ಆಗುತ್ತದೆ, ಆದ್ದರಿಂದ ಪ್ರತಿಸಲ ನೋಡಿಕೊಳ್ಳಬೇಕು.

ಇದಕ್ಕೆ ಹತ್ತಿರದ ಇನ್ನೆರಡು ದೂರುಗಳು. ತಾಳದ ಸ್ಟೈಲ್ ಅಥವಾ ಮೆಟ್ರೊನೋಮ್ ಶುರುವೇ ಆಗದಿದ್ದರೆ ‘ಕ್ಲಾಕ್’ ಅಥವಾ ‘ಸಿಂಕ್’ ‘ಎಕ್ಸ್‌ಟರ್ನಲ್’ ಎಂದಿದೆಯೇ ನೋಡಿ. ಹಾಗಿದ್ದರೆ ಕೀಬೋರ್ಡ್ ಕಂಪ್ಯೂಟರಿನ ತಾಳಕ್ಕಾಗಿ ಕಾಯುತ್ತಾ ಕುಳಿತಿದೆ. ಅದನ್ನು ‘ಇಂಟರ್ನಲ್’ ಮಾಡಿ. ಇನ್ನು, ಯುಎಸ್‌ಬಿಯಲ್ಲೇ ಸದ್ದನ್ನೂ ಕಳುಹಿಸುವ ಕೀಬೋರ್ಡುಗಳಲ್ಲಿ ಮುದ್ರಿಸುವಾಗ ಪ್ರತಿಧ್ವನಿ ಏರುತ್ತಾ ಹೋದರೆ ‘ಆಡಿಯೋ ಲೂಪ್‌ಬ್ಯಾಕ್’ ಆಫ್ ಮಾಡಿ, ಅಥವಾ ತಂತ್ರಾಂಶದಲ್ಲಿ ಇನ್‌ಪುಟ್ ಮಾನಿಟರಿಂಗ್ ನಿಲ್ಲಿಸಿ. ಪರೀಕ್ಷೆ ಮಾಡುವಾಗ ಹೆಡ್‌ಫೋನನ್ನು ಕಿವಿಯಿಂದ ದೂರ ಹಿಡಿದಿರಿ.

ಗುಂಯ್ ಸದ್ದು ಮತ್ತು ಕಿರಿಕಿರಿ ಎಲ್ಲಿಂದ?

ನಮ್ಮ ಮನೆಯ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಗುಂಯ್ ಎಂಬ ದಪ್ಪ ಸದ್ದು ಈ 50 ಹರ್ಟ್ಸ್ ಮತ್ತು ಅದರ ದುಪ್ಪಟ್ಟು, ಮುಪ್ಪಟ್ಟುಗಳದ್ದು. ಅದು ಸ್ಪೀಕರಿನೊಳಗೆ ಹೇಗೆ ಸೇರಿತು?

ಕೀಬೋರ್ಡಿನಿಂದ ಸ್ಪೀಕರಿಗೆ ಆಡಿಯೋ ಕೇಬಲ್ ಇದೆ. ಸ್ಪೀಕರ್ ಗೋಡೆಯ ಸಾಕೆಟ್ಟಿನ ಅರ್ಥಿಂಗಿಗೆ ಸೇರಿದೆ. ಅದೇ ಅರ್ಥಿಂಗಿಗೆ ಲ್ಯಾಪ್‌ಟಾಪಿನ ಚಾರ್ಜರೂ ಸೇರಿದೆ. ಲ್ಯಾಪ್‌ಟಾಪಿನಿಂದ ಯುಎಸ್‌ಬಿ ಕೇಬಲ್ ಮತ್ತೆ ಕೀಬೋರ್ಡಿಗೆ ಬರುತ್ತದೆ. ಯುಎಸ್‌ಬಿ ಕೇಬಲ್ಲಿನೊಳಗೆ ಮಾಹಿತಿಯ ತಂತಿಗಳ ಜೊತೆ 5 ವೋಲ್ಟಿನ ತಂತಿ ಮತ್ತು ಗ್ರೌಂಡ್ ತಂತಿಯೂ ಇರುತ್ತವೆ. ಆ ಗ್ರೌಂಡ್ ತಂತಿ ಸೇರಿದ ಕೂಡಲೇ ಸುತ್ತು ಪೂರ್ಣವಾಗುತ್ತದೆ. ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ. ಈ ಸುತ್ತಿನಲ್ಲಿ ಹರಿಯುವ ಅತಿ ಸಣ್ಣ ವಿದ್ಯುತ್ತು ಆಡಿಯೋ ಕೇಬಲ್ಲಿನ ಹೊರಕವಚದ ಮೂಲಕವೂ ಹಾದುಹೋಗುತ್ತದೆ. ಸಾಮಾನ್ಯ ಆಡಿಯೋ ಕೇಬಲ್ಲಿನಲ್ಲಿ ಆ ಹೊರಕವಚವೇ ಸದ್ದಿನ ಎರಡನೆಯ ತಂತಿಯೂ ಆಗಿರುವುದರಿಂದ, ಅಲ್ಲಿ ಹರಿದದ್ದೆಲ್ಲ ಸದ್ದಾಗಿ ಕೇಳುತ್ತದೆ.

ಎರಡು ಪಿನ್ನಿನ ಚಾರ್ಜರ್ ಇದ್ದರೆ ಅರ್ಥಿಂಗ್ ಇಲ್ಲ, ಹಾಗಾದರೆ ಸದ್ದೂ ಇಲ್ಲ ಎಂದುಕೊಳ್ಳಬೇಡಿ. ಅಂಥ ಚಾರ್ಜರುಗಳೊಳಗೆ ವಿದ್ಯುತ್ ಕಡೆಯಿಂದ ಲ್ಯಾಪ್‌ಟಾಪ್ ಕಡೆಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಅತಿ ಸ್ವಲ್ಪ ಸೋರುತ್ತದೆ. ಲೋಹದ ಲ್ಯಾಪ್‌ಟಾಪನ್ನು ಚಾರ್ಜ್ ಮಾಡುವಾಗ ಕೈ ಸವರಿದರೆ ಸಣ್ಣಗೆ ಜುಮ್ಮೆನ್ನುವುದು ಇದರಿಂದಲೇ. ಯುಎಸ್‌ಬಿ ಜೋಡಿಸಿದಾಗ ಆ ಸೋರಿಕೆ ಕೀಬೋರ್ಡಿನ ಮೂಲಕ ಆಡಿಯೋ ಕೇಬಲ್ಲಿಗೆ ಇಳಿಯುತ್ತದೆ.

ಕಿರಿಕಿರಿ ಮತ್ತು ಕೀರಲು ಸದ್ದು ಕಂಪ್ಯೂಟರಿನ ಸ್ವಂತ ಕೆಲಸದ್ದು. ಪರದೆ ಬದಲಾದಾಗ, ಮೌಸ್ ಅಲ್ಲಾಡಿದಾಗ ಒಳಗಿನ ವಿದ್ಯುತ್ ಬಳಕೆ ಏರಿಳಿಯುತ್ತದೆ, ಆ ಏರಿಳಿತವೇ ಅದೇ ಸುತ್ತಿನಲ್ಲಿ ಬಂದು ಕೇಳುತ್ತದೆ. ಯುಎಸ್‌ಬಿಯಲ್ಲಿ ಮಾಹಿತಿ 1 ಮಿಲಿಸೆಕೆಂಡಿಗೊಂದು ಕಂತಿನಂತೆ ಹೋಗುತ್ತದೆ. ಸೆಕೆಂಡಿಗೆ 1000 ಕಂತು ಎಂದಾಯಿತು. 1000 ಹರ್ಟ್ಸ್ ನಮ್ಮ ಕಿವಿಗೆ ಚೆನ್ನಾಗಿ ಕೇಳುವ ಸ್ವರ. ಆದ್ದರಿಂದಲೇ ಕೆಲವರಿಗೆ ಒಂದೇ ಸ್ಥಾಯಿಯ ಕೀರಲು ಸದ್ದು ಬಿಡದೆ ಕೇಳುವುದು.

ಪತ್ತೆ ಹಚ್ಚುವ ಕ್ರಮ

ಕಾಗದ, ಪೆನ್ನು ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲಿತಾಂಶವನ್ನು ಬರೆಯಿರಿ. ಕೇಬಲ್ ತೆಗೆದು ಹಾಕುವ ಮೊದಲು ಸ್ಪೀಕರಿನ ವಾಲ್ಯೂಮ್ ಇಳಿಸಿ.

1. ಸ್ಪೀಕರ್ ಮಾತ್ರ ಹಾಕಿ, ಏನನ್ನೂ ಜೋಡಿಸಬೇಡಿ. ಈಗಲೇ ಸದ್ದಿದ್ದರೆ ತೊಂದರೆ ಸ್ಪೀಕರಿನದು ಅಥವಾ ಮನೆಯ ವೈರಿಂಗಿನದು.

2. ಕೀಬೋರ್ಡನ್ನು ಆಡಿಯೋ ಕೇಬಲ್ಲಿನಿಂದ ಜೋಡಿಸಿ, ಯುಎಸ್‌ಬಿ ಬೇಡ. ಸದ್ದು ಬಂದರೆ ಆಡಿಯೋ ಕೇಬಲ್ ಅಥವಾ ಕೀಬೋರ್ಡಿನ ಅಡಾಪ್ಟರನ್ನು ಸಂಶಯಿಸಿ. ಬೇರೆ ಕೇಬಲ್ ಹಾಕಿ ನೋಡಿ. ಬ್ಯಾಟರಿಯಲ್ಲಿ ನಡೆಯುವ ಕೀಬೋರ್ಡಾದರೆ ಬ್ಯಾಟರಿಯಲ್ಲಿ ನಡೆಸಿ ನೋಡಿ.

3. ಈಗ ಯುಎಸ್‌ಬಿ ಜೋಡಿಸಿ. ಈ ಹಂತದಲ್ಲಿ ಸದ್ದು ಶುರುವಾದರೆ ಅದು ಗ್ರೌಂಡ್ ಲೂಪ್.

4. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ. ಸದ್ದು ನಿಂತರೆ ಸುತ್ತು ಚಾರ್ಜರಿನ ಮೂಲಕ ಹೋಗುತ್ತಿದೆ ಎಂದು ಖಚಿತ.

5. ಸ್ಪೀಕರಿನ ಕೇಬಲ್ ತೆಗೆದು ಕೀಬೋರ್ಡಿಗೆ ಹೆಡ್‌ಫೋನ್ ಹಾಕಿ. ಹೆಡ್‌ಫೋನಿಗೆ ಅರ್ಥಿಂಗ್ ಇಲ್ಲದ ಕಾರಣ ಸುತ್ತು ಆಗುವುದಿಲ್ಲ. ಇಲ್ಲಿ ಶಾಂತವಾಗಿದ್ದರೆ ಕೀಬೋರ್ಡ್ ಸರಿಯಾಗಿದೆ, ದುರಸ್ತಿಗೆ ಒಯ್ಯುವ ಅಗತ್ಯವಿಲ್ಲ.

ಪರಿಹಾರ: ಖರ್ಚಿಲ್ಲದ್ದು ಮೊದಲು

ಕೀಬೋರ್ಡ್, ಸ್ಪೀಕರ್, ಲ್ಯಾಪ್‌ಟಾಪ್ ಮೂರನ್ನೂ ಸರಿಯಾದ ಅರ್ಥಿಂಗ್ ಇರುವ ಒಂದೇ ಸಾಕೆಟ್ಟಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಒಂದನ್ನು ಹಾಲಿನಿಂದ, ಇನ್ನೊಂದನ್ನು ಕೋಣೆಯಿಂದ ಎಳೆದರೆ ಸುತ್ತು ದೊಡ್ಡದಾಗುತ್ತದೆ, ಸದ್ದೂ ಹೆಚ್ಚುತ್ತದೆ. ಮುದ್ರಿಸುವಷ್ಟು ಹೊತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿ. ಯುಎಸ್‌ಬಿ ಹಬ್ ಬಿಟ್ಟು ನೇರವಾಗಿ ಜೋಡಿಸಿ, ಬೇರೆ ಪೋರ್ಟಿನಲ್ಲೂ ಹಾಕಿ ನೋಡಿ. ಕೀಬೋರ್ಡಿನ ವಾಲ್ಯೂಮನ್ನು ಮುಕ್ಕಾಲು ಭಾಗಕ್ಕೆ ಏರಿಸಿ, ಸ್ಪೀಕರಿನದನ್ನು ಇಳಿಸಿ. ನಮ್ಮಲ್ಲಿ ಹೆಚ್ಚಿನವರು ಇದನ್ನು ತಿರುಗಾಮುರುಗಾ ಇಡುತ್ತಾರೆ. ಹಾಗಾದಾಗ ಸ್ಪೀಕರ್ ಸ್ವರದ ಜೊತೆ ಸದ್ದನ್ನೂ ದೊಡ್ಡದು ಮಾಡುತ್ತದೆ. ಆಡಿಯೋ ಕೇಬಲ್ಲನ್ನು ಕರೆಂಟಿನ ವೈರಿನ ಜೊತೆ ಸುತ್ತಿ ಕಟ್ಟಬೇಡಿ.

ಇಷ್ಟಕ್ಕೂ ಹೋಗದಿದ್ದರೆ ಖರೀದಿಯ ಮಾತು. ಕೀಬೋರ್ಡಿನ ಹಿಂದೆ 5 ಪಿನ್ನಿನ ದುಂಡನೆಯ ಮಿಡಿ ರಂಧ್ರಗಳಿದ್ದರೆ ಯುಎಸ್‌ಬಿ ಬದಲು ಅದನ್ನೇ ಬಳಸಿ. ಆ ಹಳೆಯ ವ್ಯವಸ್ಥೆಯಲ್ಲಿ ಚೀಟಿ ಬೆಳಕಿನ ಮೂಲಕ ದಾಟುತ್ತದೆ. ಒಂದು ಕಡೆ ಸಣ್ಣ ದೀಪ ಮಿಣುಕುತ್ತದೆ, ಇನ್ನೊಂದು ಕಡೆ ಅದನ್ನು ನೋಡುವ ಬಿಡಿಭಾಗವಿದೆ. ನಡುವೆ ವಿದ್ಯುತ್ ಸಂಬಂಧವಿಲ್ಲ. ಗ್ರೌಂಡ್ ಲೂಪ್ ಆಗಬಾರದೆಂದು ಮೊದಲೇ ಯೋಚಿಸಿ ಹೀಗೆ ಮಾಡಿದ್ದರು. ಯುಎಸ್‌ಬಿ ಬಂದಾಗ ಅನುಕೂಲ ಹೆಚ್ಚಿತು, ಈ ರಕ್ಷಣೆ ಹೋಯಿತು. 5 ಪಿನ್ನಿನ ಕೇಬಲ್ಲನ್ನು ಕಂಪ್ಯೂಟರಿಗೆ ಸೇರಿಸಲು ಮಿಡಿ ಇಂಟರ್‌ಫೇಸ್ ಬೇಕು. ಒಳಗೆ ಆ ಬೆಳಕಿನ ಭಾಗ, ಅಂದರೆ ಆಪ್ಟೋಕಪ್ಲರ್, ಇದೆಯೇ ಎಂದು ಕೇಳಿ ತೆಗೆದುಕೊಳ್ಳಿ.

ಯುಎಸ್‌ಬಿ ಮಾತ್ರ ಇರುವ ಕೀಬೋರ್ಡಿಗೆ ಯುಎಸ್‌ಬಿ ಐಸೋಲೇಟರ್ ಸಿಗುತ್ತದೆ. ಸೆಕೆಂಡಿಗೆ 12 ಮೆಗಾಬಿಟ್‌ನ ಸಾಮಾನ್ಯ ಐಸೋಲೇಟರ್ ಮಿಡಿಗೆ ಧಾರಾಳ ಸಾಕು. ಹೆಚ್ಚು ವೇಗದ ಆಡಿಯೋ ಇಂಟರ್‌ಫೇಸಿಗೆ ಅದು ಆಗುವುದಿಲ್ಲ. ಇಲ್ಲವೇ ಆಡಿಯೋ ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಬಹುದು. ಅಗ್ಗದವುಗಳಲ್ಲಿ ಮಂದ್ರ ಸ್ವರಗಳು ತೆಳುವಾಗುವುದುಂಟು. ಡಿಐ ಬಾಕ್ಸಿನ ಮೇಲೆ ‘ಗ್ರೌಂಡ್ ಲಿಫ್ಟ್’ ಎಂಬ ಸ್ವಿಚ್ ಇರುತ್ತದೆ. ಅದು ಆಡಿಯೋ ಕೇಬಲ್ಲಿನ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ, ಅದನ್ನು ಬಳಸಬಹುದು. ಇದನ್ನೂ ಕರೆಂಟಿನ ಅರ್ಥಿಂಗನ್ನೂ ಒಂದೇ ಎಂದು ತಿಳಿಯಬಾರದು.

ಅರ್ಥಿಂಗ್ ಪಿನ್ನನ್ನು ಮುಟ್ಟಬೇಡಿ

3 ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ ಉಳಿದೆರಡಕ್ಕಿಂತ ಉದ್ದ, ದಪ್ಪ. ಹಾಕುವಾಗ ಅದು ಮೊದಲು ತಾಗಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು ಎಂದೇ ಹಾಗೆ ಮಾಡಿದ್ದಾರೆ. ಒಳಗಿನ ವೈರ್ ಸಡಿಲಾಗಿ ಲೋಹದ ಕವಚಕ್ಕೆ ತಾಗಿದರೆ ಆ 230 ವೋಲ್ಟ್ ಈ ಪಿನ್ನಿನ ಮೂಲಕ ಭೂಮಿಗೆ ಹೋಗುತ್ತದೆ, ಫ್ಯೂಸ್ ಅಥವಾ ಬ್ರೇಕರ್ ಬೀಳುತ್ತದೆ. ಪಿನ್ ಇಲ್ಲದಿದ್ದರೆ ಅದು ಕವಚದಲ್ಲೇ ಕಾದು ನಿಲ್ಲುತ್ತದೆ. ಆಡಿಯೋ ಕೇಬಲ್ಲಿನ ಹೊರಕವಚದ ಮೂಲಕ ಕೀಬೋರ್ಡಿಗೂ, ಮೈಕಿಗೂ ಹೋಗಬಹುದು. ಬರಿಗಾಲಲ್ಲಿ ನೆಲದ ಮೇಲೆ ನಿಂತು ಮೈಕ್ ಹಿಡಿದ ಮಗುವೇ ಆಗ ಭೂಮಿಗೆ ದಾರಿ.

ಪಿನ್ ತೆಗೆದಾಗ ಸದ್ದು ಹೋಗುವುದು ನಿಜ. ಸುತ್ತು ಕಡಿಯುವುದರಿಂದ ಹೋಗುತ್ತದೆ. ಆದರೆ ಕಡಿದದ್ದು ತಪ್ಪು ಜಾಗದಲ್ಲಿ. ಪಿನ್ ಮುರಿದ ಪ್ಲಗ್ಗು, 3 ಪಿನ್ನನ್ನು 2 ಪಿನ್ನಿಗೆ ಇಳಿಸುವ ಅಡಾಪ್ಟರು, ಅರ್ಥಿಂಗ್ ತಂತಿಯೇ ಇಲ್ಲದ ಎಕ್ಸ್‌ಟೆನ್ಷನ್ ಬೋರ್ಡು, ಈ ಮೂರೂ ಒಂದೇ ಅಪಾಯ.

ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ 3 ರಂಧ್ರ ಇದ್ದರೂ ಹಿಂದೆ ಅರ್ಥಿಂಗ್ ತಂತಿ ಇಲ್ಲದಿರಬಹುದು. ವೈರಿಂಗ್ ಬಲ್ಲವರಿಂದ ಒಮ್ಮೆ ಪರೀಕ್ಷೆ ಮಾಡಿಸಿ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ ಇನ್ನೂ ಒಳ್ಳೆಯದು. ಮೈಕ್ ಅಥವಾ ಕೀಬೋರ್ಡ್ ಮುಟ್ಟಿದಾಗ ಜುಮ್ಮೆಂದರೆ ಮುದ್ರಣ ನಿಲ್ಲಿಸಿ, ಗೋಡೆಯ ಸ್ವಿಚ್ ಆರಿಸಿ, ಕಾರಣ ತಿಳಿಯುವವರೆಗೆ ಮಕ್ಕಳ ಕೈಗೆ ಕೊಡಬೇಡಿ.

ಸುತ್ತೇ ಇಲ್ಲದ ದಾರಿ

ಇಷ್ಟೆಲ್ಲ ಓದಿ ಬೇಸರವಾದವರಿಗೆ ಸುಲಭದ ದಾರಿಯೊಂದಿದೆ. ಅನೇಕ ಕೀಬೋರ್ಡುಗಳಲ್ಲಿ ಪೆನ್‌ಡ್ರೈವಿಗೆ ನೇರವಾಗಿ ಸದ್ದನ್ನು ಮುದ್ರಿಸುವ ಸೌಲಭ್ಯವಿದೆ. ಅದರಲ್ಲಿ ಪಕ್ಕವಾದ್ಯವನ್ನು ಮುದ್ರಿಸಿ, ಆಮೇಲೆ ಪೆನ್‌ಡ್ರೈವನ್ನು ಲ್ಯಾಪ್‌ಟಾಪಿಗೆ ಹಾಕಿ. ಎರಡಕ್ಕೂ ಕೇಬಲ್ ಸಂಬಂಧವೇ ಇಲ್ಲದ ಮೇಲೆ ಸುತ್ತೂ ಇಲ್ಲ, ಸದ್ದೂ ಇಲ್ಲ. ಕಂಪ್ಯೂಟರಿನ ವಾದ್ಯಗಳನ್ನು ಬಳಸುವವರು ಮಿಡಿಯನ್ನು ಮಾತ್ರ ಮುದ್ರಿಸಲಿ. ಚೀಟಿಯಲ್ಲಿ ಸದ್ದಿಲ್ಲದ ಕಾರಣ ಸ್ಪೀಕರಿನಲ್ಲಿ ಗುಂಯ್ ಎಂದರೂ ಮುದ್ರಣದಲ್ಲಿ ಅದು ಸೇರುವುದಿಲ್ಲ. ಹಾಡನ್ನು ಆಮೇಲೆ ಸ್ಪೀಕರ್ ಆರಿಸಿ, ಹೆಡ್‌ಫೋನಿನಲ್ಲಿ ಪಕ್ಕವಾದ್ಯ ಕೇಳಿಕೊಂಡು ಮುದ್ರಿಸಿ.

ಕಳುಹಿಸುವವರಲ್ಲಿ ಎರಡು ವಿನಂತಿ. ಹಾಡು ಶುರುವಾಗುವ ಮೊದಲು 5 ಸೆಕೆಂಡ್ ಸುಮ್ಮನಿರಿ, ಆ ಮೌನವನ್ನು ಕತ್ತರಿಸಬೇಡಿ. ಅದನ್ನು ಕೇಳಿಯೇ ಯಾವ ಸದ್ದು ಎಂದು ನಾವು ಹೇಳಬಲ್ಲೆವು. ಕಡತವನ್ನು ವೇವ್ ರೂಪದಲ್ಲೇ ಕಳುಹಿಸಿ, ಸದ್ದು ಅಳಿಸುವ ಸಾಧನವನ್ನು ನೀವು ಬಳಸಬೇಡಿ.

ಸದ್ದು ಹೋಗದಿದ್ದರೆ ಮೇಲಿನ 5 ಹಂತಗಳಲ್ಲಿ ಬರೆದುಕೊಂಡ ಕಾಗದದ ಫೋಟೋ ತೆಗೆದು ಸಂಘದ ಗುಂಪಿಗೆ ಹಾಕಿ, ಒಟ್ಟಿಗೆ ಕುಳಿತು ನೋಡೋಣ. ಸ್ವಲ್ಪ ಸದ್ದು ಉಳಿದರೂ ಚಿಂತೆಯಿಲ್ಲ, ಹಾಗೆಯೇ ಕಳುಹಿಸಿ. ಮಕ್ಕಳ ಹಾಡು ನಮಗೆ ಬೇಕು. ಮಕ್ಕಳು ಕ್ಷೇಮವಾಗಿರಲಿ, ಪ್ಲಗ್ಗಿನ ಪಿನ್ ಮೂರೂ ಇರಲಿ.

ಇಂತಿ,
ಕಾರ್ಯದರ್ಶಿ